ಮೂರು ಸಲ ಸುರಿದ ಮನೆ

"ಕೈ ಮುಟ್ಟಬೇಡ ಮಗಾ. ಮೊದಲು ಕಲ್ಲು ನೋಡು. ಕೈ ಎಲ್ಲಿಗೂ ಓಡಿಹೋಗಲ್ಲ."

ಬಗ್ಗಿದ್ದ ಕ್ಯಾಪ್ಟನ್ ಗಾನಿಮ್ ಹಾಗೆಯೇ ತಲೆ ಎತ್ತಿದ. ಅವನ ಬೂಟಿನಿಂದ ಒಂದು ಗೇಣು ದೂರದಲ್ಲಿ, ಸುಣ್ಣದ ಪುಡಿಯೊಳಗಿಂದ, ಮನುಷ್ಯನ ಬಲಗೈಯೊಂದು ಹೊರಚಾಚಿತ್ತು. ಮೊಣಕೈವರೆಗೆ ಮಾತ್ರ. ಜುಲೈ ಬಿಸಿಲಿಗೆ ಒಣಗಿ ಚಕ್ಕಳದಂತಾಗಿದ್ದ ಕೈ.

ಮಾತಾಡಿದವಳು ಉಮ್ ಲೈತ್. ಅರವತ್ತರ ಹೆಂಗಸು. ಧೂಳು ಕೂತು ಬೂದಿ ಬಣ್ಣಕ್ಕೆ ತಿರುಗಿದ ಕಪ್ಪು ಅಬಾಯ, ಮಡಿಲಲ್ಲಿ ಹಿಟ್ಟಿನ ಜರಡಿ. ಮೊಸುಲ್‌ನ ಹಳೆ ಊರಿನಿಂದ ಲಾರಿಗಳು ತಂದು ಸುರಿಯುವ ಕಲ್ಲುಮಣ್ಣನ್ನು ಅವಳು ಆರು ತಿಂಗಳಿಂದ ಇದೇ ಕಣಿವೆಯಲ್ಲಿ ಕೂತು ಜರಡಿ ಹಿಡಿಯುತ್ತಿದ್ದಳು. ಹುಡುಕುತ್ತಿದ್ದದ್ದು ಗಂಡನ ಮತ್ತು ಮಗನ ಎಲುಬುಗಳನ್ನು. ಬಾಂಬು ಬಿದ್ದಾಗ ಅವರಿಬ್ಬರೂ ಮನೆಯ ನೆಲಮಾಳಿಗೆಯಲ್ಲಿದ್ದರು. ಅವಳು ನೀರು ತರಲು ಹೋಗಿದ್ದಳು.

ಯುದ್ಧ ಮುಗಿದು ವರ್ಷದ ಮೇಲೆ ಹದಿನೈದು ದಿನವಾಗಿತ್ತು. ಆ ಕಣಿವೆಯಲ್ಲಿ ಕೈಕಾಲು ಸಿಗುವುದು ಸುದ್ದಿಯೇ ಅಲ್ಲ. ಸಿಕ್ಕಿದ್ದನ್ನು ಕರಿ ಚೀಲಕ್ಕೆ ತುಂಬಿ, ನಂಬರು ಬರೆದು ಒಯ್ಯಲು ಬೇರೆಯೇ ದಳವಿತ್ತು. ಪೊಲೀಸರನ್ನು ಯಾರೂ ಕರೆಯುತ್ತಿರಲಿಲ್ಲ. ಆದರೆ ಈ ಕಲ್ಲುಮಣ್ಣಿನ ಲೋಡುಗಳಿಗೆ ಸಹಿ ಹಾಕುತ್ತಿದ್ದ ನಗರಸಭೆಯ ಎಂಜಿನಿಯರ್ ರಾಕಾನ್ ಎರಡು ತಿಂಗಳಿಂದ ಕಾಣೆಯಾಗಿದ್ದ, ಅವನನ್ನು ಹುಡುಕುವ ಕೆಲಸ ಗಾನಿಮನ ತಲೆಗೆ ಬಿದ್ದಿತ್ತು. ಹಾಗಾಗಿ ಕಣಿವೆಯಿಂದ ಯಾರು ಕರೆದರೂ ಅವನು ಬರುತ್ತಿದ್ದ.

"ಯಾವ ಕಲ್ಲು ಖಾಲಾ?"

"ಇದು. ನಮ್ಮನೆ ಬಾಗಿಲ ಮೇಲಿತ್ತು. ನನ್ನ ಗಂಡ ದನ್ನೂನ್ ಕೆತ್ತಿದ್ದು. ಎರಡು ಪಾರಿವಾಳ, ನಡುವೆ ದಾಳಿಂಬೆ ಹೂ. ಎಡಗಡೆ ಪಾರಿವಾಳಕ್ಕೆ ಕಣ್ಣಿಲ್ಲ, ನೋಡು. ಮದುವೆಯಾದ ವರ್ಷ ಕೆತ್ತಿದ. ಕಣ್ಣು ಆಮೇಲೆ ಕೊರೀತೀನಿ ಅಂದ. ಮೂವತ್ತೆಂಟು ವರ್ಷ ಅದನ್ನೇ ಅಂದ."

"ಗೊತ್ತಾಯ್ತು. ನಿಮ್ಮ ಮನೆ ಕಲ್ಲು."

"ಏನು ಗೊತ್ತಾಯ್ತು ನಿನಗೆ? ಇದು ಇಲ್ಲಿಗೆ ಬರ್ತಿರೋದು ಮೂರನೇ ಸಲ."

ಗಾನಿಮ್ ಅವಳ ಮುಖ ನೋಡಿದ. ಬಿಸಿಲಿನಲ್ಲಿ ಆರು ತಿಂಗಳು ಕೂತವರಿಗೆ ತಲೆ ಕೆಡುವುದುಂಟು.

"ಹಾಗೆ ನೋಡಬೇಡ. ನನ್ನ ತಲೆ ನೆಟ್ಟಗಿದೆ," ಎಂದಳು ಉಮ್ ಲೈತ್. "ಮೊದಲ ಸಲ ಬಂದಾಗ ಅತ್ತೆ. ಹೊತ್ಕೊಂಡು ಹೋಗೋಣ ಅಂದ್ರೆ ನಾಲ್ಕಾಳು ಬೇಕು. ನಾಳೆ ತಳ್ಳುಗಾಡಿ ತರೋಣ ಅಂತ ಬಿಟ್ಟು ಹೋದೆ. ಮಾರನೇ ದಿನ ಕಲ್ಲಿಲ್ಲ. ಹದಿನೈದು ದಿನ ಬಿಟ್ಟು ಮತ್ತೆ ಬಂತು, ಬೇರೆ ಲಾರೀಲಿ. ಆವಾಗ ಅಳಲಿಲ್ಲ. ಬಟ್ಟೆಗೆ ಹಾಕೋ ನೀಲಿ ತಂದು ಕಲ್ಲಿನ ಅಡಿಮೈಗೆ ಬಳಿದೆ. ಈಗ ಎತ್ತಿ ನೋಡು."

ಇಬ್ಬರು ಕಾನ್‌ಸ್ಟೆಬಲ್‌ಗಳು ಕಬ್ಬಿಣದ ಸಲಾಕೆ ಹಾಕಿ ಕಲ್ಲನ್ನು ಮಗುಚಿದರು. ಅಡಿಯಲ್ಲಿ, ಅಂಗೈಯಗಲ, ಗಾಢ ನೀಲಿ.

ಗಾನಿಮ್ ಕುಕ್ಕರುಗಾಲಿನಲ್ಲಿ ಕೂತು ಆ ಬಣ್ಣವನ್ನು ಉಗುರಿನಿಂದ ಕೆರೆದ. ಲೋಡಿಗಿಷ್ಟು ಎಂದು ಬಿಲ್ಲು. ಸುರಿದ ಕಲ್ಲುಮಣ್ಣನ್ನೇ ಕಣಿವೆಯ ಹಿಂಬದಿಯಿಂದ ಮತ್ತೆ ತುಂಬು, ಊರು ಸುತ್ತಿ ಬಾ, ಮುಂದಿನ ಗೇಟಿನಲ್ಲಿ ಹೊಸ ಚೀಟಿ ಹರಿಸು. ಯುದ್ಧ ಕೆಡವಿದ ಊರನ್ನು ಮತ್ತೆ ಕಟ್ಟಲೆಂದು ಹೊರದೇಶಗಳು ಕಳಿಸಿದ ದುಡ್ಡು ಈ ಗಾಲಿಗಳ ಮೇಲೆ ಸುತ್ತುತ್ತಿತ್ತು.

"ನನಗೆ ಅವರು ಎಷ್ಟು ನುಂಗಿದ್ರು ಅನ್ನೋದು ಬೇಡ," ಎಂದಳು ಉಮ್ ಲೈತ್. "ಇದೇ ಮಣ್ಣು ಸುತ್ತಿ ಸುತ್ತಿ ಬರ್ತಿದೆ ಅಂದ್ರೆ ನಮ್ಮ ಓಣಿಯಲ್ಲಿ ಮೇಲಿನ ಪದರ ಬಿಟ್ಟು ಏನೂ ತೆಗೆದಿಲ್ಲ ಅಂತಾಯ್ತು. ನಾನು ಇಲ್ಲಿ ಜರಡಿ ಹಿಡೀತಿದ್ದೀನಿ, ಅವರಿಬ್ಬರೂ ಅಲ್ಲೇ ನೆಲಮಾಳಿಗೇಲಿ ಇದ್ದಾರೆ. ಕಾಗದದಲ್ಲಿ ಓಣಿ ಖಾಲಿ ಆಗಿದೆಯಂತೆ. ಗುರುವಾರ ರೋಲರ್ ಓಡಿಸಿ ಕಾಂಕ್ರೀಟು ಹಾಕ್ತಾರಂತೆ. ಇವತ್ತು ಯಾವ ವಾರ?"

"ಮಂಗಳವಾರ."

"ನನಗೂ ಗೊತ್ತು. ನಿನಗೆ ಗೊತ್ತಿದೆಯಾ ಅಂತ ಕೇಳಿದೆ."

ಅವಳು ಅಬಾಯದ ಒಳಗಿಂದ ಮಡಿಸಿದ ಕಾಗದವೊಂದನ್ನು ತೆಗೆದಳು. ಕಲ್ಲು ಮೊದಲ ಸಲ ಬಂದ ದಿನ ಡ್ರೈವರನ ಜೇಬಿನಿಂದ ಬಿದ್ದ ಲೋಡಿನ ಚೀಟಿ. ಲಾರಿಯ ನಂಬರು ಬರೆದುಕೊಳ್ಳಲು ಇಟ್ಟುಕೊಂಡಿದ್ದಳು. ಗಾನಿಮ್ ಅದನ್ನು ತಿರುಗಿಸಿ ನೋಡಿದ. ಜೂನ್ ಇಪ್ಪತ್ತನೇ ತಾರೀಖು. ಕೆಳಗೆ ಸಹಿ: ರಾಕಾನ್ ಫತ್ಹಿ, ಎಂಜಿನಿಯರ್.

ರಾಕಾನ್ ಕಾಣೆಯಾದದ್ದು ಮೇ ಹದಿನೈದಕ್ಕೆ.

*

ಡಾಕ್ಟರ್ ನಶ್ವಾನ್ ಶವಾಗಾರದ ಮೆಟ್ಟಿಲ ಮೇಲೆ ಕೂತು ಸಿಗರೇಟು ಸೇದುತ್ತಿದ್ದ. ಗಾನಿಮನ ಸಹಪಾಠಿ. ಒಂದು ವರ್ಷದಲ್ಲಿ ನಾಲ್ಕು ಸಾವಿರ ಹೆಣ ನೋಡಿದ್ದ, ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ನಿನ್ನ ಕೈ ನೋಡಿದೆ," ಎಂದ. "ಇದು ಯುದ್ಧದ ಹೆಣ ಅಲ್ಲ."

"ಹೇಗೆ ಹೇಳ್ತೀಯ?"

"ಮತ ಹಾಕಿದ್ದಾನೆ."

ಒಳಗೆ, ಬಿಳಿ ದೀಪದ ಕೆಳಗೆ, ನಶ್ವಾನ್ ಆ ಕೈಯ ತೋರುಬೆರಳನ್ನು ಇಕ್ಕಳದಿಂದ ಮೇಲೆತ್ತಿದ. ಒರೆಸಿ ತೊಳೆದ ಉಗುರಿನ ಮೇಲೆ ಕಪ್ಪುನೇರಳೆ ಕಲೆ. ಗಾನಿಮನಿಗೆ ಒಡನೆಯೇ ಗುರುತು ಹತ್ತಿತು. ಮೇ ಹನ್ನೆರಡರಂದು, ಚುನಾವಣೆಯ ದಿನ, ಅವನ ಬೆರಳನ್ನೂ ಅದೇ ಮಸಿಯಲ್ಲಿ ಅದ್ದಿಸಿದ್ದರು.

"ನಮ್ಮೂರಲ್ಲಿ ಸತ್ತವರು ಮತ ಹಾಕೋದು ಹೊಸದಲ್ಲ," ಎಂದ ನಶ್ವಾನ್. "ಆದರೆ ಅವರ ಬೆರಳಿಗೆ ಮಸಿ ಹತ್ತಿರೋದನ್ನ ನಾನು ನೋಡಿಲ್ಲ."

ಗಾನಿಮ್ ಬೆರಳಿನ ಹತ್ತಿರಕ್ಕೆ ಬಗ್ಗಿದ.

"ಇನ್ನೊಂದು ನೋಡು. ಉಗುರಿನ ಬುಡದಲ್ಲಿ ಮಸಿ ಇಲ್ಲದ ಜಾಗ ಇದೆ. ಎರಡೂವರೆ ಮಿಲಿಮೀಟರ್. ಒಣಗಿ ಚರ್ಮ ಸರಿದದ್ದನ್ನೂ ಲೆಕ್ಕಕ್ಕೆ ಹಿಡಿದೇ ಹೇಳ್ತಿದ್ದೀನಿ. ಮತ ಹಾಕಿದ ಮೇಲೆ ಆ ಉಗುರು ಇನ್ನೂ ಮೂರು ವಾರ, ಮೂರೂವರೆ ವಾರ ಬೆಳೆದಿದೆ. ಜೂನ್ ಮೊದಲ ವಾರದ ಹೊತ್ತಿಗೆ ನಿಂತಿದೆ."

"ವಯಸ್ಸು?"

"ಮೂವತ್ತರ ಆಸುಪಾಸು. ಗಂಡಸು. ಮೊಣಕೈ ಹತ್ತಿರ ಕಡಿದದ್ದು ಕತ್ತಿಯಲ್ಲ, ಮಣ್ಣು ಎತ್ತೋ ಯಂತ್ರದ ಹಲ್ಲು. ಅದು ಸತ್ತ ಮೇಲಿನದು. ಹೇಗೆ ಸತ್ತ ಅಂತ ಕೈ ಹೇಳಲ್ಲ. ಉಳಿದ ದೇಹ ತಂದುಕೊಡು."

"ಬೆರಳಚ್ಚು?"

"ಚರ್ಮ ನೆನೆಹಾಕಿದ್ದೀನಿ. ಆಸೆ ಇಟ್ಕೋಬೇಡ. ಡಿಎನ್ಎ ಪರೀಕ್ಷೆಗೆ ಬಾಗ್ದಾದಿಗೆ ಮಾಂಸದ ಚೂರು ಕಳಿಸಿದ್ರೆ ಉತ್ತರ ಬರೋಕೆ ನಾಲ್ಕು ತಿಂಗಳು." ನಶ್ವಾನ್ ಕೈಗವಸು ಬಿಚ್ಚಿದ. "ಗಾನಿಮ್, ನಿನ್ನ ಮುಖ ನೋಡಿದ್ರೆ ಹೆಸರು ಆಗಲೇ ಇಟ್ಟಾಗಿದೆ ಅನ್ಸತ್ತೆ."

ಇಟ್ಟಾಗಿತ್ತು. ಮೂವತ್ತೊಂದು ವರ್ಷದ ಗಂಡಸು. ಕಲ್ಲುಮಣ್ಣಿನ ಕೆಲಸದವನು. ಮೇ ಹದಿನೈದಕ್ಕೆ ಕಾಣೆ. ಮೂರು ವಾರ ಎಲ್ಲೋ ಕೂಡಿಹಾಕಿದ್ದಾರೆ, ಆಮೇಲೆ ಕೊಂದು, ಸಾವಿರಾರು ಹೆಣಗಳ ಊರಿನಲ್ಲಿ ಇನ್ನೊಂದು ಹೆಣ ಯಾರ ಕಣ್ಣಿಗೆ ಬಿದ್ದೀತು ಎಂದು ಕಣಿವೆಯ ಹಿಂಬದಿಯಲ್ಲಿ ಹೂತಿದ್ದಾರೆ. ಆದರೆ ಕಳ್ಳ ಲೋಡು ತುಂಬುವ ಯಂತ್ರವೇ ಅವನನ್ನು ಅಗೆದು ಮೇಲೆ ತಂದಿದೆ. ಹಿಂಬದಿಯಲ್ಲಿ ಅಗೆಯುವ ಯಂತ್ರ ಒಬ್ಬನದೇ. ಗುತ್ತಿಗೆದಾರ ಹಾಜಿ ತಹ್ಸೀನನದು.

ಅದೇ ಮಧ್ಯಾಹ್ನ ಗಾನಿಮ್ ಬಾಡಿಗೆ ಟ್ಯಾಕ್ಸಿಯೊಂದರಲ್ಲಿ ಕೂತು ಹಸಿರು ಟಾರ್ಪಾಲಿನ ಲಾರಿಯೊಂದರ ಬೆನ್ನು ಹತ್ತಿದ. ಅದು ಕಣಿವೆಯ ಹಿಂಬಾಗಿಲಿನಿಂದ ತುಂಬಿಕೊಂಡು ಹೊರಟಿತು, ಇಟ್ಟಿಗೆ ಗೂಡುಗಳ ಹಿಂದಿನ ಮಣ್ಣಿನ ದಾರಿ ಹಿಡಿದು ಒಂದು ಸುತ್ತು ಹೊಡೆಯಿತು, ಮುಂದಿನ ಗೇಟಿನಲ್ಲಿ ಚೀಟಿ ತೆಗೆದುಕೊಂಡು ಸುರಿಯಿತು. ಒಟ್ಟು ಮೂವತ್ತೈದು ನಿಮಿಷ. ಹಳೆ ಊರಿನ ಕಡೆಗೆ ಅದು ಮೂತಿಯನ್ನೂ ತಿರುಗಿಸಲಿಲ್ಲ.

ಸಂಜೆ ಮೇಲಧಿಕಾರಿಗೆ ಫೋನು ಮಾಡಿದ. ಆತ ಪೂರ್ತಿ ಕೇಳಿದ ಮೇಲೆ, "ಒಣಗಿದ ಒಂದು ಕೈ, ಬಟ್ಟೆ ನೀಲಿ, ತಲೆ ಕೆಟ್ಟ ಮುದುಕಿ. ಇಷ್ಟನ್ನು ಹಿಡ್ಕೊಂಡು ಹಾಜಿಯ ಬಾಗಿಲಿಗೆ ಹೋಗಬೇಡ," ಎಂದ. ಫೋನು ಇಟ್ಟ.

*

ನದಿಯ ಎಡದಂಡೆಯಲ್ಲಿ ರಾಕಾನನ ಮನೆ. ಗೇಟಿನ ಮೇಲೆ ಯಾರೋ ಕೆಂಪು ಬಣ್ಣದಲ್ಲಿ 'ಕಳ್ಳನ ಮನೆ' ಎಂದು ಬರೆದಿದ್ದರು. ಮೇಲೆ ಸುಣ್ಣ ಬಳಿದಿದ್ದರೂ ಅಕ್ಷರ ಗುಲಾಬಿಯಾಗಿ ಕಾಣುತ್ತಲೇ ಇತ್ತು.

ಬುಧವಾರ ಬೆಳಿಗ್ಗೆ ಬಾಗಿಲು ತೆರೆದವಳು ರಾಕಾನನ ಹೆಂಡತಿ ಶಹ್ಲಾ. ಇಪ್ಪತ್ತಾರು ವರ್ಷ. ಮದುವೆಯಾಗಿ ಹತ್ತು ತಿಂಗಳು, ಅದರಲ್ಲಿ ಎರಡು ತಿಂಗಳು ಒಬ್ಬಳೇ. ಅವಳು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ತಾಯಂದಿರು ದೂರು ಕೊಟ್ಟು ಅವಳನ್ನು ಮನೆಗೆ ಕಳಿಸಿದ್ದರು.

ಗಾನಿಮ್ ಹೇಳಬೇಕಾದದ್ದನ್ನು ಎಷ್ಟು ಕಡಿಮೆ ಮಾತಿನಲ್ಲಿ ಹೇಳಬಹುದೋ ಅಷ್ಟರಲ್ಲಿ ಹೇಳಿದ. ಒಂದು ಕೈ ಸಿಕ್ಕಿದೆ. ಖಚಿತವಿಲ್ಲ.

ಶಹ್ಲಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

"ಕ್ಯಾಪ್ಟನ್, ನನಗೆ ಒಂದೇ ಹೇಳಿ. ನಾನು ಸಕ್ಕರೆ ಹಾಕದ ಕಾಫಿ ಕಾಯಿಸೋದಾ, ಬೇಡವಾ?"

ಸಾವಿನ ಮನೆಗೆ ಬಂದವರಿಗೆ ಕೊಡುವ ಕಾಫಿ ಅದು.

"ಎಲ್ಲರೂ ಅವನು ತುರ್ಕಿಗೆ ಓಡಿಹೋದ ಅಂತಾರೆ. ದುಡ್ಡು ಹೊಡೆದ ಅಂತಾರೆ. ನಮ್ಮತ್ತೆ ಕೂಡ ನಂಬಿಬಿಟ್ಟರು, ಮಗಳ ಮನೆಗೆ ಹೋಗಿ ಕೂತಿದ್ದಾರೆ. ನಾನು ಮಾತ್ರ ನಂಬಿಲ್ಲ. ದಾಯೆಶ್ ಉಗ್ರರು ಊರು ಹಿಡಿದಿದ್ದಾಗ ಅವನು ಮೂರು ವರ್ಷ ಈ ಬೀದಿಯವರಿಗೆಲ್ಲ ಬಾವಿ ತೋಡಿಕೊಟ್ಟ. ಒಂದು ದಿನಾರ್ ಮುಟ್ಟಲಿಲ್ಲ. ಅಂಥವನು ಓಡಿಹೋಗ್ತಾನಾ?" ಅವಳು ಬಾಗಿಲು ಬಿಟ್ಟು ನೆಟ್ಟಗೆ ನಿಂತಳು. "ಹೇಳಬಾರದು, ಆದರೂ ಹೇಳ್ತೀನಿ. ಅದು ಅವನ ಕೈ ಆದ್ರೆ ನಾನು ತಲೆ ಎತ್ಕೊಂಡು ಅಳಬಹುದು. ಬೀದಿ ಬಾಗಿಲಲ್ಲೇ ಕೂತು ಅಳ್ತೀನಿ. ಇವರೆಲ್ಲ ಬಂದು ನನ್ನ ಕಾಫಿ ಕುಡಿಯಬೇಕು."

ಹೊರಡುವಾಗ ಅವಳು ಕೇಳಿದಳು: "ಅವನಿಗೆ ಉಬ್ಬಸ ಇತ್ತು. ಪಂಪು ಇಲ್ಲೇ ಮೇಜಿನ ಮೇಲೆ ಬಿಟ್ಟು ಹೋಗಿದ್ದಾನೆ. ಉಬ್ಬಸದವನು ಪಂಪು ಬಿಟ್ಟು ದೇಶ ಬಿಡ್ತಾನಾ ಕ್ಯಾಪ್ಟನ್?"

"ಇಲ್ಲ ತಂಗಿ," ಎಂದ ಗಾನಿಮ್. ಅವನಿಗೂ ಹಾಗೆಯೇ ಅನಿಸಿತ್ತು.

ಅಲ್ಲಿಂದ ನೇರವಾಗಿ ಹಾಜಿಯ ಬಾಗಿಲಿಗೆ ಹೋದ. ಯಾರಿಗೂ ಹೇಳದೆ, ಒಬ್ಬನೇ.

*

ಹಾಜಿ ತಹ್ಸೀನ್ ಊಟಕ್ಕೆ ಕೂತಿದ್ದ. ಕೈಗಾರಿಕಾ ಪ್ರದೇಶದಲ್ಲಿ, ಲಾರಿಗಳು ನಿಲ್ಲುವ ಅಂಗಳದ ಪಕ್ಕ, ಎರಡಂತಸ್ತಿನ ಕಟ್ಟಡ. ಕೆಳಗಿನ ಕೋಣೆಯಲ್ಲಿ ಆಫೀಸು. ಗೋಡೆಯಲ್ಲಿ ಒಂದು ದೊಡ್ಡ ಕೂಲರ್ ಎಮ್ಮೆಯ ಹಾಗೆ ಬುಸುಗುಡುತ್ತಿತ್ತು. ಬಾಗಿಲ ಬಳಿ ಇಬ್ಬರು ಆಳುಗಳು.

"ಬಾ, ಕ್ಯಾಪ್ಟನ್, ಬಾ. ಕೈ ತೊಳ್ಕೋ. ನನ್ನ ಹೆಂಡತಿ ಮಾಡಿದ ಕುಬ್ಬಾ, ಇಡೀ ಬಲದಂಡೇಲಿ ಇಂಥದ್ದು ಸಿಗಲ್ಲ."

ತಟ್ಟೆಯಗಲದ, ಗೋಧಿನುಚ್ಚಿನ ಪದರದೊಳಗೆ ಮಾಂಸ ತುಂಬಿದ ಕುಬ್ಬಾವನ್ನು ಅವನು ರೊಟ್ಟಿಯಂತೆ ಮುರಿದು ತಿನ್ನುತ್ತಿದ್ದ. ಎಪ್ಪತ್ತು ಸಮೀಪಿಸಿದ, ದಪ್ಪ ಕುತ್ತಿಗೆಯ ಮನುಷ್ಯ.

"ಊಟಕ್ಕೆ ಬಂದಿಲ್ಲ ಹಾಜಿ."

"ಗೊತ್ತು. ನಿನ್ನೆ ಟ್ಯಾಕ್ಸೀಲಿ ನನ್ನ ಲಾರಿ ಹಿಂದೆ ಸುತ್ತಿದೆಯಂತಲ್ಲ. ಬಾಡಿಗೆ ಎಷ್ಟಾಯ್ತು? ನಾನು ಕೊಡ್ತೀನಿ."

"ಒಂದು ಓಣಿ. ಇಪ್ಪತ್ತಾರು ಮನೆ. ಎರಡು ಸಾವಿರದ ಎಂಬತ್ತು ಲೋಡು ತೆಗೆದೆ ಅಂತ ಬಿಲ್ಲು ಕೊಟ್ಟಿದ್ದೀರಿ. ಮನೆಗೆ ಎಂಬತ್ತು ಲೋಡು. ಅವೇನು ಅರಮನೆಗಳಾ?"

ಹಾಜಿ ನಿಧಾನವಾಗಿ ಅಗಿದು ನುಂಗಿದ.

"ದಾಯೆಶ್ ಕಾಲದಲ್ಲಿ ನೀನು ಎರ್ಬಿಲ್‌ನಲ್ಲಿ ಕಬಾಬ್ ತಿಂತಿದ್ದಾಗ ನಾವಿಲ್ಲಿ ಹುಲ್ಲು ಬೇಯಿಸ್ಕೊಂಡು ತಿಂದ್ವಿ ಕ್ಯಾಪ್ಟನ್."

"ನಿರಾಶ್ರಿತರ ಡೇರೆಯಲ್ಲಿ ಕಬಾಬ್ ಕೊಡಲ್ಲ ಹಾಜಿ. ಬೇಕಾದ್ರೆ ಅಲ್ಲಿ ಕೊಡ್ತಿದ್ದ ಟೊಮೇಟೊ ಪೇಸ್ಟಿನ ಡಬ್ಬಿ ತೋರಿಸ್ತೀನಿ."

"ಸರಿ, ಬಿಡು. ನಾನೂ ಸುಳ್ಳು ಹೇಳಲ್ಲ, ನೀನೂ ಮಗು ಅಲ್ಲ. ಸುತ್ತಿಸಿದ್ದೀನಿ. ಯಾರು ಸುತ್ತಿಸಿಲ್ಲ? ಆ ಮಣ್ಣಿನ ತುಂಬ ಬಾಂಬು. ನನ್ನ ಇಬ್ಬರು ಡ್ರೈವರುಗಳು ಚೂರು ಚೂರಾದ್ರು. ಒಬ್ಬ ಪತ್ರಿಕೆಯವನೂ ಬಂದು ಹೆಸರು ಕೇಳಲಿಲ್ಲ. ರೇಟು ಜಾಸ್ತಿ ಅಂತೀಯ, ಕಡಿಮೆ ರೇಟಿಗೆ ಯಾರಾದ್ರೂ ಟೆಂಡರ್ ಹಾಕಿದ್ರಾ? ಮೇಲಿಂದ ಹತ್ತು ಬಂದ್ರೆ ನನ್ನ ಕೈಗೆ ಮುಟ್ಟೋದು ನಾಲ್ಕು. ಉಳಿದ ಆರು ಯಾರ್ಯಾರ ಮನೇಲಿದೆ ಅಂತ ಪಟ್ಟಿ ಕೊಡ್ಲಾ? ನಿನ್ನ ಸಾಹೇಬರ ಹೆಸರಿಂದ ಶುರುಮಾಡ್ತೀನಿ."

ಗಾನಿಮನಿಗೆ ಮೇಲಧಿಕಾರಿ ಫೋನು ಇಟ್ಟ ಸದ್ದು ನೆನಪಾಯಿತು.

"ಕಲ್ಲುಮಣ್ಣು ಸುತ್ತಿಸಿದ್ರೆ ಯಾರಿಗೂ ನೋವಾಗಲ್ಲ ಕಣಯ್ಯಾ," ಎಂದ ಹಾಜಿ.

"ಒಬ್ಬ ಹೆಂಗಸಿಗೆ ಆಗಿದೆ. ಅವಳ ಗಂಡ, ಮಗ ಆ ನೆಲಮಾಳಿಗೇಲಿದ್ದಾರೆ. ನಾಳೆ ನೀವು ಅವರ ಮೇಲೆ ಕಾಂಕ್ರೀಟು ಸುರೀತೀರಿ."

"ಇಡೀ ಊರೇ ಗೋರಿ. ಎಲ್ಲಿ ಕಾಲಿಡ್ಲಿ ಹೇಳು."

"ಕಣಿವೇಲಿ ಒಂದು ಕೈ ಸಿಕ್ಕಿದೆ, ಹಾಜಿ. ನಿಮ್ಮ ಯಂತ್ರ ಅಗೆದು ತಂದದ್ದು. ಬೆರಳಲ್ಲಿ ಚುನಾವಣೆ ಮಸಿ ಇದೆ."

ಕುಬ್ಬಾದ ತುಂಡು ಹಾಜಿಯ ಬಾಯಿಯ ಹತ್ತಿರವೇ ನಿಂತಿತು. ಈ ಸುದ್ದಿ ಅವನಿಗೆ ಹೊಸದು. ಗಾನಿಮ್ ಅದನ್ನು ಗಮನಿಸಿದ, ಜೇಬಿನಿಂದ ಚೀಟಿ ತೆಗೆದು ತಟ್ಟೆಯ ಪಕ್ಕ ಇಟ್ಟ.

"ಮೇ ಹದಿನೈದಕ್ಕೆ ಕಾಣೆಯಾದ ರಾಕಾನ್ ಜೂನ್ ಇಪ್ಪತ್ತಕ್ಕೆ ಸಹಿ ಹಾಕಿದ್ದಾನೆ. ಆ ಹೊತ್ತಿಗೆ ಅವನು ಸತ್ತು ಹದಿನೈದು ದಿನ. ಅವನ ಸಹಿ ಯಾರು ಹಾಕ್ತಿದ್ದಾರೆ? ನೀವಾ? ಇವರಾ?" ಬಾಗಿಲ ಬಳಿಯಿದ್ದ ಆಳುಗಳತ್ತ ಕೈ ತೋರಿಸಿದ.

ಹಾಜಿ ಚೀಟಿ ನೋಡಿದ. ಗಾನಿಮನನ್ನು ನೋಡಿದ. ಹೊಟ್ಟೆ ಕುಲುಕುವ ಹಾಗೆ ನಗಲಾರಂಭಿಸಿದ.

"ರಾಕಾನ್ ಸತ್ತನಾ? ಅಯ್ಯೋ ನಿನ್ನ! ಇದನ್ನ ಹೊತ್ಕೊಂಡು ಬಂದೆಯಾ ನನ್ನ ಊಟ ಕೆಡಿಸೋಕೆ?" ಕೈ ಒರೆಸಿಕೊಂಡು ಫೋನು ಎತ್ತಿಕೊಂಡ. "ತಗೋ. ಅವನನ್ನೇ ಕೇಳು."

ತೆರೆಯ ಮೇಲೆ ತುರ್ಕಿಯ ನಂಬರು. ನಾಲ್ಕನೇ ಸಲ ರಿಂಗಾದ ಮೇಲೆ ಒಬ್ಬ ಗಂಡಸು ಎತ್ತಿದ. ಹಾಜಿ ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟ.

"ರಾಕಾನ್, ಇಲ್ಲೊಬ್ಬ ಕ್ಯಾಪ್ಟನ್ ನಿನ್ನನ್ನ ಮಣ್ಣು ಮಾಡೋಕೆ ಬಂದಿದ್ದಾನೆ. ಮಾತಾಡಪ್ಪ."

ದೂರದಲ್ಲಿ ಯಾವುದೋ ಯಂತ್ರದ ಘುರ್ ಎನ್ನುವ ಸದ್ದು ಮಾತ್ರ.

"ಕ್ಯಾಪ್ಟನ್ ಸಾಹೇಬರೇ..." ದನಿ ತಗ್ಗಿತ್ತು, ಹೆದರಿತ್ತು. "ನನ್ನನ್ನ ಹುಡುಕಬೇಡಿ. ನಾನು ಮರ್ಸಿನ್‌ನಲ್ಲಿದ್ದೀನಿ. ಜನ ಹೇಳೋದೆಲ್ಲ ನಿಜ. ನಾನೇ ಕಳ್ಳ. ಹೊರಡೋ ಮುಂಚೆ ಮೂರು ಖಾಲಿ ಚೀಟಿ ಪುಸ್ತಕಕ್ಕೆ ಸಹಿ ಹಾಕಿ ಕೊಟ್ಟು ಬಂದೆ. ದುಡ್ಡು ತಗೊಂಡೆ. ಹೆದರಿಕೆಯಾಯ್ತು, ಓಡಿದೆ."

ಗಾನಿಮ್ ತನ್ನ ಫೋನು ತೆಗೆದು ಶಹ್ಲಾಳಿಗೆ ಕರೆ ಮಾಡಿದ.

"ತಂಗಿ, ಏನೂ ಕೇಳಬೇಡಿ. ಒಂದು ದನಿ ಕೇಳಿಸ್ತೀನಿ. ಯಾರದು ಅಂತ ಹೇಳಿ, ಸಾಕು."

ತನ್ನದಕ್ಕೂ ಸ್ಪೀಕರ್ ಹಾಕಿ ಎರಡು ಫೋನುಗಳನ್ನೂ ಹತ್ತಿರ ಹಿಡಿದ. "ರಾಕಾನ್, ಮಾತಾಡು."

"ಯಾರ ಹತ್ತಿರ?"

ಅಷ್ಟು ಸಾಕಾಗಿತ್ತು. ಆ ಕಡೆಯಿಂದ ಶಹ್ಲಾ ಉಸಿರೆಳೆದುಕೊಂಡದ್ದು ಕೋಣೆಗೆಲ್ಲ ಕೇಳಿಸಿತು.

"ರಾಕಾನ್! ನಿನ್ನ ಪಂಪು ಇಲ್ಲೇ ಇದೆಯಲ್ಲೋ. ರಾತ್ರಿ ಉಸಿರು ಕಟ್ಟಿದ್ರೆ ಏನ್ಮಾಡ್ತೀಯ?"

"ಇಲ್ಲೂ ಸಿಗತ್ತೆ ಶಹ್ಲಾ," ಎಂದಿತು ದನಿ. "ನನ್ನ ಕಾಯಬೇಡ. ನಿನ್ನ ಅಪ್ಪನ ಮನೆಗೆ ಹೋಗು."

ಅವಳು ಅಳುತ್ತಿದ್ದಳು, ಬಾಯಿಗೆ ಬಟ್ಟೆ ಒತ್ತಿಕೊಂಡವರ ಹಾಗೆ. ಗಾನಿಮ್ ತನ್ನ ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟ. ಕರೆ ತುಂಡರಿಸಲು ಅವನಿಗೆ ಮನಸ್ಸಾಗಲಿಲ್ಲ.

ಎಲ್ಲ ಕುಸಿದು ಬಿದ್ದಿತ್ತು. ರಾಕಾನ್ ಬದುಕಿದ್ದಾನೆ. ಕಳ್ಳ ಎಂದು ತಾನೇ ಒಪ್ಪಿಕೊಳ್ಳುತ್ತಿದ್ದಾನೆ. ಸುಣ್ಣ ಬಳಿದ ಆ ಗೇಟಿನ ಒಳಗೆ ಒಬ್ಬಳೇ ಕೂತು ನಂಬಿಕೊಂಡಿದ್ದ ಹೆಣ್ಣಿನ ಬಾಯಿಗೆ ತಾನೇ ಮಣ್ಣು ಹಾಕಿದ ಹಾಗಾಯಿತು. ಹಾಗಾದರೆ ಆ ಕೈ ಯಾರದು? ಮತ ಹಾಕಿ, ಮೂರು ವಾರ ಬದುಕಿ, ಹೂತುಹೋದವನು ಯಾರು?

"ತಿನ್ನು," ಎಂದ ಹಾಜಿ, ತಟ್ಟೆಯನ್ನು ಅವನ ಕಡೆ ತಳ್ಳುತ್ತ. "ತಣ್ಣಗಾದ್ರೆ ರುಚಿ ಇರಲ್ಲ. ಕೈ ಗೀ ಎಲ್ಲ ಆ ಡಾಕ್ಟರ್‌ಗೆ ಬಿಟ್ಟುಬಿಡು. ಯಾವನೋ ಕೂಲಿ ಇರ್ತಾನೆ. ನಿನಗೂ ಸಂಸಾರ ಇದೆ, ಮನೆ ಇನ್ನೂ ರಿಪೇರಿ ಆಗಿಲ್ಲ ಅಂತ ಕೇಳಿದೆ. ಎರಡು ಲಾರಿ ಇಟ್ಟಿಗೆ ಕಳಿಸ್ಲಾ?"

ಆಗ ಕರೆಂಟು ಹೋಯಿತು.

ದಿನಕ್ಕೆ ಹತ್ತು ಸಲ ಹೋಗುವ ಕರೆಂಟು. ಯಾರೂ ತಲೆ ಎತ್ತಲಿಲ್ಲ. ಕೂಲರಿನ ಫ್ಯಾನು ನಿಧಾನಿಸಿ, ಎರಡು ಸುತ್ತು ಸುಮ್ಮನೆ ತಿರುಗಿ ನಿಂತಿತು. ಕೋಣೆ ಕಿವುಡಾದಂತೆ ನಿಶ್ಶಬ್ದವಾಯಿತು.

ಫೋನಿನೊಳಗಿನ ಘುರ್ ಎನ್ನುವ ಸದ್ದೂ ಆಗಲೇ ನಿಂತಿತ್ತು.

ಗಾನಿಮ್ ಫೋನಿನ ಕಡೆ ನೋಡಿದ. ಮರ್ಸಿನ್ ಇಲ್ಲಿಂದ ಏಳುನೂರು ಕಿಲೋಮೀಟರ್. ಕಾಕತಾಳೀಯ ಇರಬಹುದು ಎಂದು ಅವನು ತನಗೆ ತಾನೇ ಹೇಳಿಕೊಳ್ಳುವಷ್ಟರಲ್ಲಿ ಅಂಗಳದಾಚೆಯ ಬೀದಿಯಿಂದ ಕಬ್ಬಿಣದ ಸದ್ದು ಬಂತು. ಟಣ್, ಟಣ್, ಟಣ್. ಗ್ಯಾಸ್ ಮಾರುವವನು ಸ್ಪ್ಯಾನರಿನಿಂದ ಸಿಲಿಂಡರ್ ಬಡಿಯುತ್ತಿದ್ದ. ಹಿಂದೆಯೇ ಅಪ್ಪಟ ಮೊಸುಲ್ ಕೂಗು: "ಗ್ಯಾಸೂ... ಅಮ್ಮಂದಿರೇ, ಗ್ಯಾಸೂ..."

ಕಿಟಕಿಯಿಂದ ಬಂದ ಆ ಕೂಗು ಅರೆಕ್ಷಣ ತಡವಾಗಿ ಮೇಜಿನ ಮೇಲಿದ್ದ ಹಾಜಿಯ ಫೋನಿನಿಂದಲೂ ಬಂತು.

ಗಾನಿಮ್ ಮುಖದ ಒಂದು ಗೆರೆಯನ್ನೂ ಅಲುಗಿಸಲಿಲ್ಲ. ರಾಕಾನನನ್ನು ಇಲ್ಲೇ ಎಲ್ಲೋ ಕೂಡಿಹಾಕಿದ್ದಾರೆ, ಹಣೆಗೆ ಪಿಸ್ತೂಲು ಹಿಡಿದು ಮಾತಾಡಿಸುತ್ತಿದ್ದಾರೆ. ಇಲ್ಲಿಂದ ನಗುನಗುತ್ತ ಎದ್ದು ಹೋಗಬೇಕು, ಹತ್ತು ಜನರನ್ನು ಕರೆದುಕೊಂಡು ಬರಬೇಕು. ಅವನು ಕುಬ್ಬಾದ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡ.

"ನಿಜ ಹಾಜಿ," ಎಂದ. "ಇಂಥದ್ದು ಬಲದಂಡೇಲಿ ಸಿಗಲ್ಲ."

ಹಾಜಿ ನಗಲಿಲ್ಲ. ಅವನು ಗಾನಿಮನನ್ನು ನೋಡುತ್ತಿರಲಿಲ್ಲ. ಫೋನನ್ನು ನೋಡುತ್ತಿದ್ದ, ಏನೋ ಅಪ್ಪಣೆಗೆ ಕಾಯುವವನಂತೆ.

"ಹಾಜಿ."

ಅದೇ ದನಿ. ಆದರೆ ಅದರಲ್ಲೀಗ ಹೆದರಿಕೆ ಇರಲಿಲ್ಲ. ಕೆಲಸದಾಳಿಗೆ ನಾಳಿನ ಕೆಲಸ ಹೇಳುವವನ ದನಿಯಾಗಿತ್ತು.

"ಅವನಿಗೆ ಕೇಳಿಸಿತು. ಬಾಗಿಲು ಹಾಕು."

ಹಾಜಿ ತಹ್ಸೀನ್ ಕುರ್ಚಿಯಿಂದ ಎದ್ದು ನಿಂತ.

"ಆಗಲಿ ಉಸ್ತಾದ್," ಎಂದ. "ನೀವು ಅಲ್ಲೇ ಇರಿ. ಕೆಳಗೆ ಬರಬೇಡಿ."

ಆ ಬಾಯಿಂದ ಗಾನಿಮ್ ಕೇಳಿದ ಮೊದಲ 'ನೀವು' ಅದು. ಇಬ್ಬರು ಆಳುಗಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಗಾನಿಮನ ಕೈ ಸೊಂಟದ ಪಿಸ್ತೂಲಿನ ಕಡೆ ಅರ್ಧ ದಾರಿಯಲ್ಲಿತ್ತು.

ಮೇಜಿನ ಮೇಲೆ, ಬೋರಲು ಬಿದ್ದಿದ್ದ ಅವನ ಫೋನಿನಿಂದ, ಸಣ್ಣಗೆ ಒಂದು ಹೆಣ್ಣಿನ ದನಿ ಬಂತು.

"ರಾಕಾನ್?" ಎಂದಳು ಶಹ್ಲಾ. "ಯಾರಿಗೆ ಹೇಳ್ತಿದ್ದೀಯ ನೀನು?"

ಮೇಲಿನ ಮಹಡಿಯಲ್ಲಿ ಯಾರೋ ಕುರ್ಚಿ ಹಿಂದಕ್ಕೆ ಸರಿಸಿದ ಸದ್ದಾಯಿತು.